ಪಂಪಿಲ್ಲದೆ ಮರವೇರುವ ನೀರು

ಬಾವಿಯಿಂದ ನಾಲ್ಕು ಕೊಡ ನೀರು ಸೇದುವಷ್ಟರಲ್ಲಿ ನಮಗೆ ಏದುಸಿರು ಬರುತ್ತದೆ. ಮಹಡಿಯ ಮೇಲಿನ ತೊಟ್ಟಿಗೆ ನೀರೇರಿಸಲು ಪಂಪು ಬೇಕು, ವಿದ್ಯುತ್ತು ಬೇಕು. ಆದರೆ ಅಂಗಳದ ಮಾವಿನ ಮರ ಸದ್ದಿಲ್ಲದೆ ತುತ್ತತುದಿಯ ಚಿಗುರಿಗೂ ನೀರು ಮುಟ್ಟಿಸುತ್ತದೆ. ಇದು ಹೇಗೆ ಸಾಧ್ಯ?

ಗಿಡದೊಳಗೆ ಎರಡು ಬಗೆಯ ಸಾಗಣೆಯ ಅಂಗಾಂಶಗಳಿವೆ. ಬೇರು ಹೀರಿದ ನೀರು ಮತ್ತು ಲವಣಗಳನ್ನು ಮೇಲಕ್ಕೆ ಒಯ್ಯುವುದು ಕ್ಸೈಲಂ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರು, ಚಿಗುರು, ಕಾಯಿಗಳಿಗೆ ಹಂಚುವುದು ಫ್ಲೋಯಂ. ನಾವು ಮರಮುಟ್ಟು ಎಂದು ಬಳಸುವುದು ಬಹುಪಾಲು ಕ್ಸೈಲಂ. ಫ್ಲೋಯಂ ಇರುವುದು ತೊಗಟೆಯ ಒಳಪದರದಲ್ಲಿ.

ನೀರು ಸಾಗಿಸುವ ಕ್ಸೈಲಂ ಕೋಶಗಳು ಸತ್ತು ಟೊಳ್ಳಾದ ನಳಿಗೆಗಳು. ಮೇಲಿಂದ ಹೀರುವ ಪಂಪು ಸುಮಾರು 10 ಮೀಟರಿಗಿಂತ ಹೆಚ್ಚು ಎತ್ತರಕ್ಕೆ ನೀರನ್ನು ಎಳೆಯಲಾರದು. ಆದರೆ ಕ್ಯಾಲಿಫೋರ್ನಿಯಾದಲ್ಲಿ 2006ರಲ್ಲಿ ಪತ್ತೆಯಾದ ರೆಡ್‌ವುಡ್ ಮರವೊಂದರ ಎತ್ತರ 115 ಮೀಟರಿಗೂ ಹೆಚ್ಚು! ಗುಟ್ಟು ಎಲೆಗಳಲ್ಲಿದೆ. ಪತ್ರರಂಧ್ರಗಳ ಮೂಲಕ ನೀರು ಆವಿಯಾದಂತೆ ಆ ಜಾಗ ತುಂಬಲು ಕೆಳಗಿನ ನೀರು ಸೆಳೆಯಲ್ಪಡುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ, ಬಾವಿಯ ಹಗ್ಗ ಸೇದಿದಂತೆ, ಇಡೀ ನೀರಿನ ಎಳೆ ಮೇಲೇರುತ್ತದೆ. ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಮುಂದಿಟ್ಟ ವಿವರಣೆಯಿದು. ಸೇದುವ ಶಕ್ತಿ ಸೂರ್ಯನದು, ಮರಕ್ಕೆ ಖರ್ಚಿಲ್ಲ.

ಫ್ಲೋಯಂ ಮಾತ್ರ ಜೀವಂತ ಕೋಶಗಳ ಸಾಲು. ಎಲೆಯಿಂದ ಸಕ್ಕರೆ ಬಂದು ತುಂಬಿದಾಗ ಪಕ್ಕದ ಕ್ಸೈಲಂನಿಂದ ನೀರು ಒಳನುಗ್ಗಿ ಒತ್ತಡ ಹೆಚ್ಚುತ್ತದೆ. ಸಕ್ಕರೆ ಖರ್ಚಾಗುವ ಕಡೆ ಒತ್ತಡ ಕಡಿಮೆ. ರಸ ಅತ್ತ ಹರಿಯುತ್ತದೆ. ಜರ್ಮನಿಯ ಅರ್ನ್ಸ್ಟ್ ಮ್ಯೂಂಚ್ 1930ರಲ್ಲಿ ಇದನ್ನು ವಿವರಿಸಿದರು. ತೆಂಗಿನ ಹೊಂಬಾಳೆಯ ತುದಿ ಕೊಯ್ದಾಗ ತೊಟ್ಟಿಕ್ಕುವ ಸಿಹಿ ನೀರಾ ಇದೇ ಫ್ಲೋಯಂ ರಸ.

ಕಾಂಡದ ಸುತ್ತ ಉಂಗುರದಂತೆ ತೊಗಟೆ ಸುಲಿದರೆ ಏನಾದೀತು? 17ನೆಯ ಶತಮಾನದಲ್ಲೇ ಇಟಲಿಯ ಮಾಲ್ಪೀಘಿ ಇದನ್ನು ಮಾಡಿ ನೋಡಿದ್ದರು. ಗಾಯದ ಮೇಲ್ಭಾಗ ಊದಿಕೊಂಡಿತು. ಕೆಳಗಿಳಿಯುವ ಆಹಾರ ಅಲ್ಲೇ ತಡೆದು ನಿಂತಿತ್ತು. ಕ್ಸೈಲಂ ಉಳಿದಿರುವುದರಿಂದ ಎಲೆಗಳು ಕೆಲಕಾಲ ಹಸಿರಾಗಿಯೇ ಇರುತ್ತವೆ. ಆದರೆ ಬೇರುಗಳು ಉಪವಾಸ ಬಿದ್ದು, ಕೊನೆಗೆ ಮರವೇ ಒಣಗುತ್ತದೆ. ತೆಂಗಿನ ಕಥೆ ಬೇರೆ. ಅದರ ನಾಳಗಳ ಕಂತೆಗಳು ಕಾಂಡದ ತುಂಬ ಚದುರಿರುವುದರಿಂದ, ಹತ್ತಲು ಮೆಟ್ಟಿಲು ಕಡಿದರೂ ಮರ ಬದುಕುತ್ತದೆ. ಆದರೆ ಆ ಗಾಯ ಎಂದೂ ಮುಚ್ಚದು.

ಮಕ್ಕಳು ಇದನ್ನು ಮನೆಯಲ್ಲೇ ನೋಡಬಹುದು. ಕರ್ಣಕುಂಡಲದ ಎಳೆಯ ಗಿಡವೊಂದನ್ನು ಬೇರುಸಹಿತ ಕಿತ್ತು, ತೊಳೆದು, ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ನಿಲ್ಲಿಸಿ. ಕೆಲವು ಗಂಟೆಗಳಲ್ಲಿ ತಿಳಿಬಣ್ಣದ ಕಾಂಡದೊಳಗೆ ಕೆಂಪು ಗೆರೆಗಳು ಮೇಲೇರುವುದು ಕಾಣುತ್ತದೆ.

ಬಳಿಕ ನಿಮ್ಮ ಬೀದಿಯ ಮರಗಳನ್ನೊಮ್ಮೆ ನೋಡಿ ಬನ್ನಿ. ಫಲಕ ಕಟ್ಟಲು ಬಿಗಿದ ತಂತಿ, ಸಸಿಗೆಂದು ಹಾಕಿ ಮರೆತ ಕಬ್ಬಿಣದ ಬೇಲಿ ಬೆಳೆಯುವ ಕಾಂಡದೊಳಗೆ ಹೂತು ಇದೇ ಉಂಗುರದ ಕೆಲಸ ಮಾಡುತ್ತವೆ. ಕಂಡರೆ ಹಿರಿಯರ ನೆರವಿನಿಂದ ಬಿಚ್ಚಿಸಿ. ಮರದ ಊಟದ ದಾರಿ ಬರಿಯ ತೊಗಟೆಯಷ್ಟೇ ಆಳದಲ್ಲಿದೆ.