ಊಟದ ಮೇಜೇ ಕಚೇರಿಯಾದಾಗ

2020ರ ಲಾಕ್‌ಡೌನ್‌ನಿಂದೀಚೆಗೆ ಬೆಂಗಳೂರಿನ ಅನೇಕ ಫ್ಲ್ಯಾಟುಗಳಲ್ಲಿ ಊಟದ ಮೇಜೇ ಕಚೇರಿಯಾಗಿದೆ. ಸಂಜೆಯಾಗುತ್ತಲೇ ನಿಮ್ಮ ಕತ್ತು, ಸೊಂಟ ಹಿಡಿದುಕೊಳ್ಳುತ್ತದೆಯೇ? ವಯಸ್ಸನ್ನು ದೂರುವ ಮೊದಲು ಕೂರುವ ಭಂಗಿಯನ್ನೊಮ್ಮೆ ಗಮನಿಸಿ.

ಊಟದ ಮೇಜು ಸಾಮಾನ್ಯವಾಗಿ 75 ಸೆಂ.ಮೀ. ಎತ್ತರವಿರುತ್ತದೆ. ಟೈಪ್ ಮಾಡಲು ಹಲವರಿಗೆ ಇದು ಹೆಚ್ಚು. ಭುಜ ಮೇಲೇರಿ ಸ್ನಾಯುಗಳು ಬಿಗಿಯುತ್ತವೆ. ಕುರ್ಚಿಗೆ ದಿಂಬು ಹಾಕಿ, ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಕುಳಿತುಕೊಳ್ಳಿ. ಪಾದ ನೆಲಕ್ಕೆ ಎಟುಕದಿದ್ದರೆ ಮಣೆ ಇಡಿ. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲಿಟ್ಟು ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಪ್ರತ್ಯೇಕ ಕೀಬೋರ್ಡ್ ಬಳಸಿ. ಕಿಟಕಿ ಪಕ್ಕಕ್ಕಿರಲಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಕೈ ಜೋಮು ಹಿಡಿದರೆ, ಹಿಡಿತ ಸಡಿಲವಾದರೆ ಮುಲಾಮು ಸವರುತ್ತಾ ಕೂರಬೇಡಿ, ವೈದ್ಯರನ್ನು ಕಾಣಿರಿ.