ಡಿಟೆಕ್ಟರ್ ಕೂಗುತ್ತದೆ, ಒಳಗೇನಿದೆ ಹೇಳುವುದಿಲ್ಲ

ಲೋಹ ಹುಡುಕುವ ಯಂತ್ರ ಮೊದಮೊದಲು ಬೇಕಾದದ್ದೇ ಗುಂಡು ಹುಡುಕಲಿಕ್ಕೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಮೈಯೊಳಗೆ ಅದು ಎಲ್ಲಿ ಕೂತಿದೆ ಎಂದು ತಿಳಿಯಲು ಟೆಲಿಫೋನಿನ ಗ್ರಹಾಂ ಬೆಲ್ ತಂತಿ ಸುರುಳಿಗಳ ಸಾಧನವೊಂದನ್ನು ಕಟ್ಟಿದ. ಗುಂಡು ಸಿಗಲಿಲ್ಲ, ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳೂ ಅದಕ್ಕೆ ಅಡ್ಡ ಬಂದವು ಎನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಸೇನಾಧಿಕಾರಿ ಕೊಸಾಟ್ಸ್‌ಕಿ ಕೈಯಲ್ಲಿ ಹಿಡಿದು ನಡೆಯಬಹುದಾದ ಮೈನ್ ಶೋಧಕ ರೂಪಿಸಿದರು. 1942ರ ಅಲ್ ಅಲಮೇನ್ ಕಾಳಗದಲ್ಲಿ ಅದು ಮರಳುಗಾಡಿನಲ್ಲಿ ದಾರಿ ಬಿಡಿಸಿತು. ಅದೇ ವಂಶದ ಯಂತ್ರ ಇಂದು ಆನ್‌ಲೈನಿನಲ್ಲಿ ಕೆಲವೇ ಸಾವಿರ ರೂಪಾಯಿಗೆ ಮನೆ ಬಾಗಿಲಿಗೆ ಬರುತ್ತದೆ. ಕೊಂಡವರು ಹುಡುಕುವುದು ಹಳೆಯ ನಾಣ್ಯವನ್ನು. ಮದ್ದುಗುಂಡು ಎದುರಾದರೆ ಏನು ಮಾಡಬೇಕೆಂದು ಪೆಟ್ಟಿಗೆಯೊಳಗಿನ ಕೈಪಿಡಿ ಸಾಮಾನ್ಯವಾಗಿ ಹೇಳುವುದಿಲ್ಲ.

ಯಂತ್ರದ ಕೆಲಸ ಹೀಗೆ. ಕೋಲಿನ ತುದಿಯ ತಟ್ಟೆಯೊಳಗೆ ತಾಮ್ರದ ಸುರುಳಿ ಇರುತ್ತದೆ. ಅದರಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ, ಅದರ ಕಾಂತಕ್ಷೇತ್ರ ನೆಲದೊಳಗೆ ಇಳಿಯುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ಸುಳಿವಿದ್ಯುತ್ ಹುಟ್ಟಿ ತನ್ನದೇ ಸಣ್ಣ ಕಾಂತಕ್ಷೇತ್ರವನ್ನು ಎಬ್ಬಿಸುತ್ತದೆ. ಎರಡನೆಯ ಸುರುಳಿ ಅದನ್ನು ಹಿಡಿದು ಸದ್ದಾಗಿಸುತ್ತದೆ. ಆ ಪ್ರತಿಕ್ರಿಯೆ ಎಷ್ಟು ಹಿಂದುಳಿದು ಬಂತು ಎಂಬುದರಿಂದ ಕಬ್ಬಿಣವೋ, ಹಿತ್ತಾಳೆ–ಬೆಳ್ಳಿಯಂಥ ಲೋಹವೋ ಎಂದು ಯಂತ್ರ ಊಹಿಸುತ್ತದೆ. ಅದರ ತಿಳಿವಳಿಕೆ ಅಲ್ಲಿಗೇ ಮುಗಿಯಿತು. ಹಿತ್ತಾಳೆಯ ಕಾಡತೂಸೂ ಹಳೆಯ ನಾಣ್ಯವೂ ಅದಕ್ಕೆ ಹೆಚ್ಚು ಕಡಿಮೆ ಒಂದೇ. ಕಬ್ಬಿಣ ಬೇಡವೆಂದು ಗುಂಡಿ ಒತ್ತಿಟ್ಟರೂ, ದೊಡ್ಡ ಉಕ್ಕಿನ ಶೆಲ್ಲು ಕೆಲವೊಮ್ಮೆ ಒಳ್ಳೆಯ ಲೋಹದಂತೆಯೇ ದನಿಗೊಡುತ್ತದೆ. ಮುಂಬಯಿ ಪಕ್ಕದ ಠಾಣೆ–ಕಲ್ಯಾಣ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಕರಿಗಲ್ಲಿನಲ್ಲಿ ಮ್ಯಾಗ್ನೆಟೈಟ್ ಇರುವುದರಿಂದ ನೆಲವೇ ಯಂತ್ರವನ್ನು ಕೆಣಕುತ್ತದೆ, ಖಾಡಿಯ (ಕಡಲ ಹಿನ್ನೀರಿನ) ದಡದ ಉಪ್ಪುಕೆಸರೂ ಸುಳ್ಳು ಸದ್ದು ಕೊಡುತ್ತದೆ. ಅಸ್ಪಷ್ಟ ಸದ್ದು ಬಂದರೆ ಜನ ಅಗೆದೇ ನೋಡುತ್ತಾರೆ.

ಈ ನೆಲಕ್ಕೂ ಮದ್ದುಗುಂಡಿಗೂ ಹಳೆಯ ನಂಟು. 1774ರಲ್ಲಿ ಇಂಗ್ಲಿಷರು ಮುತ್ತಿಗೆ ಹಾಕಿ ಗೆದ್ದ ಠಾಣೆ ಕೋಟೆಯೇ ಇಂದಿನ ಸೆಂಟ್ರಲ್ ಜೈಲು. ಉಲ್ಹಾಸನಗರ ಎರಡನೇ ಮಹಾಯುದ್ಧದಲ್ಲಿ ಕಲ್ಯಾಣ್ ಕ್ಯಾಂಪ್ ಎಂಬ ಸೇನಾ ಬಿಡಾರವಾಗಿತ್ತು. ದೇಶವಿಭಜನೆಯ ನಂತರ ಅದೇ ಬ್ಯಾರಕ್ಕುಗಳಲ್ಲಿ ಸಿಂಧಿ ನಿರಾಶ್ರಿತರು ಸಂಸಾರ ಹೂಡಿದರು. ಪಕ್ಕದ ನೇವಾಳಿಯಲ್ಲಿ ಅದೇ ಯುದ್ಧಕಾಲದ ವಿಮಾನಪಟ್ಟಿ ಇದೆ. ಇನ್ನು 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿಯ ಮೂಟೆ, ಚಿನ್ನದ ಗಟ್ಟಿ, ಸುಮಾರು 1,400 ಟನ್ ಸ್ಫೋಟಕ ಹೊತ್ತಿದ್ದ ಎಸ್‌ಎಸ್ ಫೋರ್ಟ್ ಸ್ಟಿಕೀನ್ ಹಡಗು ಸಿಡಿಯಿತು. ಅಗ್ನಿಶಾಮಕ ದಳದ 66 ಮಂದಿ ಸೇರಿ ನೂರಾರು ಜನ ಸತ್ತರು. ಬಂದರಿನ ಹೂಳೆತ್ತುವಾಗ ದಶಕಗಳ ನಂತರವೂ ಚಿನ್ನದ ಗಟ್ಟಿ ಸಿಕ್ಕಿದ್ದುಂಟು. 2011ರಲ್ಲಿ ಬಂದರಿನಲ್ಲಿ ಸಿಕ್ಕಿದ್ದು 45 ಕಿಲೋ ತೂಕದ ಜೀವಂತ ಶೆಲ್ಲು.

ಮದ್ದುಗುಂಡು ಬಂದು ಸೇರಲು ಗುಜರಿಯೂ ಒಂದು ದಾರಿ. 2004ರಲ್ಲಿ ಗಾಜಿಯಾಬಾದ್ ಬಳಿಯ ಉಕ್ಕಿನ ಕಾರ್ಖಾನೆಯಲ್ಲಿ ವಿದೇಶದ ಗುಜರಿಯೊಳಗಿದ್ದ ಶೆಲ್ಲುಗಳು ಸಿಡಿದು 10 ಕಾರ್ಮಿಕರು ಸತ್ತರು. ಆಮೇಲೆ ಗುಜರಿ ಆಮದಿನ ನಿಯಮಗಳು ಬಿಗಿಯಾದವು. ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಇಳಿಯುವ ಗುಜರಿಗೂ ಅವೇ ನಿಯಮ.

ಈಗ ವಸ್ತುವನ್ನೇ ನೋಡೋಣ. ಯುದ್ಧಕಾಲದ .303 ರೈಫಲ್ ಕಾಡತೂಸು ಸುಮಾರು ಏಳೂಮುಕ್ಕಾಲು ಸೆಂಟಿಮೀಟರ್ ಉದ್ದ. ಹಿತ್ತಾಳೆಯ ತಳದಲ್ಲಿ ‘ಕೆ’ ‘ಎಫ್’ ಎಂದು ಇಂಗ್ಲಿಷಿನಲ್ಲಿ ಒತ್ತಿದ್ದರೆ ಅದು ಪುಣೆ ಬಳಿಯ ಖಡಕಿ ಕಾರ್ಖಾನೆಯದು. ಅಕ್ಷರಗಳ ನಡುವಿನ ಪುಟ್ಟ ಟೋಪಿಯಲ್ಲಿ (ಪ್ರೈಮರ್) ಕುಳಿ ಬಿದ್ದು, ಮೇಲಿನ ಗುಂಡು ಇಲ್ಲವಾದರೆ ಅದು ಹಾರಿಸಿ ಉಳಿದ ಖಾಲಿ ಕೋಶ. ಕುಳಿಯೂ ಇದ್ದು ಗುಂಡೂ ಇದ್ದರೆ ಹೊಡೆದರೂ ಹಾರದೆ ಉಳಿದದ್ದು. ಅದರ ಹತ್ತಿರ ಹೋಗಬಾರದು.

ತೋಪಿನ ಶೆಲ್ಲು ಇನ್ನೂ ಕಠಿಣ. ಅದರ ಮೂತಿಯ ಫ್ಯೂಜ್‌ನಲ್ಲಿ ಕಾವಲು ಕೀಲಿಗಳಿರುತ್ತವೆ. ತೋಪಿನಿಂದ ಚಿಮ್ಮುವ ರಭಸವೂ ಗಿರಗಿರನೆ ತಿರುಗುವ ವೇಗವೂ ಸೇರಿದಾಗ ಕೀಲಿ ಸರಿದು ಫ್ಯೂಜ್ ಸಜ್ಜಾಗುತ್ತದೆ. ಆದ್ದರಿಂದ ಪೆಟ್ಟಿಗೆಯಲ್ಲಿ ಕೂತ ಶೆಲ್ಲಿಗಿಂತ, ಹಾರಿ ಬಿದ್ದೂ ಸಿಡಿಯದೆ ಉಳಿದ ಶೆಲ್ಲು ಹೆಚ್ಚು ಅಪಾಯಕಾರಿ. ಅದರ ಕೀಲಿ ಆಗಲೇ ಸರಿದಿದೆ.

‘ಇಷ್ಟು ವರ್ಷ ಮಣ್ಣಲ್ಲಿದ್ದದ್ದು ಸತ್ತಿರುತ್ತದೆ’ ಎಂಬ ಮಾತಿಗೆ ರಸಾಯನಶಾಸ್ತ್ರ ಒಪ್ಪುವುದಿಲ್ಲ. ಟಿಎನ್‌ಟಿ ಲೋಹದ ಜೊತೆ ಅಷ್ಟಾಗಿ ವರ್ತಿಸುವುದಿಲ್ಲ. ದಶಕಗಟ್ಟಲೆ ಹಾಗೇ ಉಳಿಯುತ್ತದೆ. ಹಳೆಯ ಶೆಲ್ಲುಗಳ ಪಿಕ್ರಿಕ್ ಆಮ್ಲ ಲೋಹದೊಂದಿಗೆ ಬೆರೆತು ತನಗಿಂತ ಸೂಕ್ಷ್ಮವಾದ ಲವಣವಾಗುತ್ತದೆ. ಫ್ಯೂಜ್‌ನ ಸೀಸದ ಅಜೈಡ್ ತೇವ ಹಾಗೂ ತಾಮ್ರದ ಸಂಗದಲ್ಲಿ ತಾಮ್ರದ ಅಜೈಡ್ ಆಗಬಹುದು. ಅದು ಸಣ್ಣ ಉಜ್ಜುವಿಕೆಗೂ ಸಿಡಿಯುತ್ತದೆ. ಮದ್ದು ಉಳಿದು, ಕಾವಲಿಗಿದ್ದ ಸ್ಪ್ರಿಂಗು ಮೊದಲು ತುಕ್ಕು ಹಿಡಿಯುತ್ತದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಬತ್ತಿದ ಬಾವಿಯಿಂದ ಟಿಪ್ಪು ಕಾಲದ್ದೆನ್ನುವ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಹೊರಬಂದಾಗ ಮಣ್ಣಿಗೆ ಇನ್ನೂ ಮದ್ದಿನ ವಾಸನೆ ಇತ್ತಂತೆ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅಂತರ್ಯುದ್ಧ ಕಾಲದ ಫಿರಂಗಿ ಗುಂಡನ್ನು ಸ್ವಚ್ಛಗೊಳಿಸುತ್ತಿದ್ದ ಸಂಗ್ರಾಹಕರೊಬ್ಬರು ಅದು ಸಿಡಿದು ಸತ್ತರು. ಗುಂಡಿಗೆ ಆಗ 140 ವರ್ಷ ದಾಟಿತ್ತು.

ಆದ್ದರಿಂದ ಸುರಕ್ಷಿತವಾಗಿ ಹಿಡಿಯುವ ವಿಧಾನವೆಂದರೆ ಹಿಡಿಯದಿರುವುದು. ಉರುಟು ಮೈ, ಚೂಪು ಮೂತಿ, ರೆಕ್ಕೆ ಅಥವಾ ತಾಮ್ರದ ಪಟ್ಟಿ ಕಂಡೊಡನೆ ಅಗೆತ ನಿಲ್ಲಿಸಬೇಕು. ತಟ್ಟುವುದು, ತೊಳೆಯುವುದು, ತಿರುಗಿಸುವುದು ಬೇಡ. ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಪೊಲೀಸ್ ಠಾಣೆಗೆ ಒಯ್ಯುವುದಂತೂ ಬೇಡವೇ ಬೇಡ. ನಿಂತಲ್ಲಿಂದಲೇ ಸ್ಥಳದ ಗುರುತು ಹಾಕಿಕೊಂಡು, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ಮಕ್ಕಳನ್ನೂ ದಾರಿಹೋಕರನ್ನೂ ತಡೆದು, ದೂರ ಹೋಗಿ 112ಕ್ಕೆ ಕರೆ ಮಾಡಬೇಕು. ಪೊಲೀಸರು ಬಾಂಬ್ ನಿಷ್ಕ್ರಿಯ ದಳವನ್ನು ಕಳಿಸುತ್ತಾರೆ, ಸೇನೆಯ ವಸ್ತುವಾದರೆ ಸೇನೆಯ ತಜ್ಞರನ್ನೂ ಕರೆಸುತ್ತಾರೆ.

ಕಾನೂನೂ ಇದೇ ಕಡೆಗೆ ತಳ್ಳುತ್ತದೆ. ಪರವಾನಗಿಯಿಲ್ಲದೆ ಕಾಡತೂಸು ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಸಂರಕ್ಷಿತ ಸ್ಮಾರಕದಲ್ಲಿ ಅಗೆಯುವಂತಿಲ್ಲ. 1878ರ ನಿಧಿ ಕಾಯ್ದೆಯಂತೆ, ಮಣ್ಣಲ್ಲಿ ಹುದುಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯುಳ್ಳ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ದಳ ಬಂದಾಗ ಎಲ್ಲಿಯವರೆಗೆ ಅಗೆದಿರಿ, ಯಾವ ದಾರಿಯಲ್ಲಿ ಬಂದಿರಿ, ಮುಟ್ಟಿದ್ದೀರಾ ಎಂದು ಕೇಳಿದರೆ ಇದ್ದದ್ದು ಇದ್ದಂತೆ ಹೇಳಿ. ಅವರು ಎಷ್ಟು ಹತ್ತಿರ ಹೋಗಬೇಕು ಎಂಬುದು ಆ ಉತ್ತರದ ಮೇಲೆ ನಿಂತಿರುತ್ತದೆ.