ಯುದ್ಧಕಾಲೇ ಶಸ್ತ್ರನಿರ್ಮಾಣ

‘ಯುದ್ಧಕಾಲೇ ಶಸ್ತ್ರಾಭ್ಯಾಸ’ ಎಂದು ಹಿರಿಯರು ಹಾಸ್ಯ ಮಾಡುವುದುಂಟು. ಶತ್ರು ಬಾಗಿಲಿಗೆ ಬಂದ ಮೇಲೆ ಕತ್ತಿ ಹಿಡಿಯುವುದನ್ನು ಕಲಿಯಹೊರಟವನು ನಗೆಪಾಟಲಿಗೆ ಗುರಿಯಾಗದೆ ಇರಲಾರ. ಆದರೆ ಎರಡನೆಯ ಮಹಾಯುದ್ಧದಲ್ಲಿ ದೊಡ್ಡ ದೊಡ್ಡ ರಾಷ್ಟ್ರಗಳೇ ಈ ಕೆಲಸವನ್ನು ಮಾಡಬೇಕಾಯಿತು. ಕಾರು ಕಟ್ಟುತ್ತಿದ್ದ ಕೈಗಳು ವಿಮಾನ ಕಟ್ಟುವುದನ್ನು ಕಲಿತವು. ಕಲಿತು ಪಳಗುವಷ್ಟರಲ್ಲಿ, ‘ಇದು ಸಾಲದು, ಇದಕ್ಕಿಂತ ಉತ್ತಮವಾದುದು ಬೇಕು’ ಎಂಬ ಆಜ್ಞೆ ಬಂದಿತು. ಹೊಸ ಅಸ್ತ್ರಕ್ಕಾಗಿ ಕಾರ್ಖಾನೆಯನ್ನು ನಿಲ್ಲಿಸಬೇಕೆ, ಹಳೆಯದನ್ನೇ ಮುಂದುವರಿಸಬೇಕೆ? ಸೇನಾಧಿಪತಿಗಳನ್ನೂ ಯಂತ್ರಶಿಲ್ಪಿಗಳನ್ನೂ ಕಾಡಿದ ಪ್ರಶ್ನೆ ಇದು.

ಅಮೆರಿಕದಲ್ಲಿ 1942ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗಾಗಿ ಕಾರು ತಯಾರಿಸುವುದು ನಿಂತುಹೋಯಿತು. ಅದಕ್ಕೆ ಮೊದಲೇ ಫೋರ್ಡ್ ಕಂಪೆನಿ ಮಿಷಿಗನ್ ಪ್ರಾಂತದ ವಿಲೋ ರನ್ ಎಂಬಲ್ಲಿ ಬೃಹತ್ತಾದ ಕಾರ್ಖಾನೆಯೊಂದನ್ನು ಎಬ್ಬಿಸತೊಡಗಿತ್ತು. ಕಾರುಗಳಂತೆಯೇ ಬಿ-24 ಬಾಂಬರುಗಳನ್ನು ಸಾಲಾಗಿ ಕಟ್ಟಿ, ಗಂಟೆಗೊಂದರಂತೆ ಹೊರಗೆ ಕಳುಹಿಸಬೇಕೆಂಬುದು ಅದರ ಹೆಬ್ಬಯಕೆ. ಮೊದಮೊದಲು ಕೆಲಸ ಕುಂಟಿತು. ಕಾರ್ಖಾನೆಯ ಹೆಸರನ್ನೇ ತಿರುಚಿ ‘ವಿಲ್ ಇಟ್ ರನ್’, ಅಂದರೆ ‘ಇದು ನಡೆದೀತೆ?’ ಎಂದು ಜನ ಆಡಿಕೊಂಡರು.

ಕಾರು ತಯಾರಕರ ರೂಢಿಯಂತೆ ಫೋರ್ಡ್ ಗಟ್ಟಿ ಉಕ್ಕಿನ ಅಚ್ಚುಗಳನ್ನು ಮಾಡಿಸಿತ್ತು. ಒಂದೇ ರೂಪವನ್ನು ಸಾವಿರಾರು ಸಲ ಒತ್ತುವುದಕ್ಕೆ ಅದಕ್ಕಿಂತ ಮೇಲಾದ ಸಾಧನವಿಲ್ಲ. ರೂಪ ಬದಲಾಯಿತೆಂದರೆ ಅದಕ್ಕಿಂತ ಭಾರವಾದ ಹೊರೆಯೂ ಇಲ್ಲ. ರಣರಂಗದ ಬೇಡಿಕೆಗಳಾದರೋ ಒಂದರ ಹಿಂದೊಂದು ಬರುತ್ತಲೇ ಇದ್ದವು. ಕೊನೆಗೊಂದು ಉಪಾಯ ಕಂಡಿತು: ತಿದ್ದುಪಡಿಗಳನ್ನು ಕೂಡಿಹಾಕಿ, ಇಷ್ಟು ವಿಮಾನಗಳ ತಂಡ ಮುಗಿದ ಮೇಲೆ ಮುಂದಿನ ತಂಡಕ್ಕೆ ಒಟ್ಟಾಗಿ ಅಳವಡಿಸುವುದು, ತೀರ ಅವಸರದವನ್ನು ವಿಮಾನ ಹೊರಬಂದ ಮೇಲೆ ಬೇರೆ ಕೇಂದ್ರಗಳಲ್ಲಿ ಸೇರಿಸುವುದು. 1944ರಲ್ಲಿ ಗಂಟೆಗೊಂದು ವಿಮಾನದ ಕನಸು ಹೆಚ್ಚುಕಡಮೆ ನನಸಾಯಿತು. ಬಿಡಿಭಾಗಗಳಾಗಿ ಕಳುಹಿಸಿದವೂ ಸೇರಿ ಅಲ್ಲಿ ತಯಾರಾದ ಬಾಂಬರುಗಳು 8,685.

ಇಂಗ್ಲೆಂಡಿನ ಸಂಕಟ ಇನ್ನೂ ತೀವ್ರವಾಗಿತ್ತು. 1941ರಲ್ಲಿ ಜರ್ಮನಿಯ ಫೋಕ್‌ವುಲ್ಫ್ 190 ವಿಮಾನ ಆಕಾಶಕ್ಕೇರಿದಾಗ, ಸ್ಪಿಟ್‌ಫೈರ್‌ನ ಐದನೆಯ ಮಾದರಿ ಅದರ ಮುಂದೆ ಸಪ್ಪೆಯಾಯಿತು. ಇದಕ್ಕೆ ತಕ್ಕ ಉತ್ತರವಾಗಬಲ್ಲ ಎಂಟನೆಯ ಮಾದರಿಯ ಸಿದ್ಧತೆ ನಡೆದಿತ್ತು. ಆದರೆ ಅದಕ್ಕೆ ಒಡಲಿನಲ್ಲಿಯೇ ಅನೇಕ ಬದಲಾವಣೆಗಳು ಬೇಕು, ಬದಲಾವಣೆಗಳಿಗೆ ಕಾಲ ಬೇಕು. ಕಾದ ಒಂದೊಂದು ತಿಂಗಳ ಬೆಲೆಯನ್ನೂ ತೆರಬೇಕಾದವರು ಎಳೆವಯಸ್ಸಿನ ಪೈಲಟ್ಟುಗಳು. ಆದುದರಿಂದ ಐದನೆಯ ಮಾದರಿಯ ಒಡಲನ್ನೇ ಅಷ್ಟಿಷ್ಟು ಬದಲಿಸಿ, ಅದರಲ್ಲಿ ಹೊಸ ಮರ್ಲಿನ್ 61 ಎಂಜಿನ್ನನ್ನು ಕೂಡಿಸಿದರು. ಹೀಗೆ 1942ರಲ್ಲಿ ಎಂಟಕ್ಕಿಂತ ಮೊದಲೇ ಒಂಬತ್ತು ಯುದ್ಧಕ್ಕಿಳಿಯಿತು! ತಾತ್ಕಾಲಿಕವೆಂದು ಹುಟ್ಟಿದ ಈ ಮಾದರಿಯ ವಿಮಾನಗಳು ಐದು ಸಾವಿರಕ್ಕೂ ಮಿಕ್ಕಿ ತಯಾರಾದವು.

ಈ ಇಕ್ಕಟ್ಟನ್ನು ಇಂದಿನ ತರುಣರು ಆಟದಲ್ಲಿಯೂ ಅನುಭವಿಸಬಹುದು. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪೆನಿ 2016ರಲ್ಲಿ ಹೊರತಂದ ‘ಹಾರ್ಟ್ಸ್ ಆಫ್ ಐರನ್ 4’ ಎಂಬ ಕಂಪ್ಯೂಟರ್ ಆಟ ಒಂದು ಬಗೆಯ ಚದುರಂಗವೇ ಸರಿ. ವ್ಯತ್ಯಾಸವೆಂದರೆ, ಚದುರಂಗದ ಕಾಯಿಗಳು ಮೊದಲೇ ಸಿದ್ಧವಾಗಿರುತ್ತವೆ. ಇಲ್ಲಿ ಆಟಗಾರನೇ ಅವನ್ನು ತಯಾರಿಸಿಕೊಳ್ಳಬೇಕು. ಒಂದೇ ಅಸ್ತ್ರವನ್ನು ಮಾಡುತ್ತ ಹೋದಂತೆ ಕಾರ್ಖಾನೆಯ ದಕ್ಷತೆ ಮೆಲ್ಲಮೆಲ್ಲನೆ ಏರುತ್ತದೆ. ಸಂಬಂಧವೇ ಇಲ್ಲದ ಬೇರೊಂದು ಅಸ್ತ್ರಕ್ಕೆ ತಿರುಗಿಸಿದರೆ ಗಳಿಸಿದ ದಕ್ಷತೆಯ ಬಹುಪಾಲು ಕರಗಿಹೋಗುತ್ತದೆ. ಅದೇ ಅಸ್ತ್ರದ ಸುಧಾರಿತ ರೂಪಕ್ಕೆ ತಿರುಗಿಸಿದರೆ ನಷ್ಟ ಅಲ್ಪ. ಗಡಿಯಲ್ಲಿ ಶತ್ರು ಸೇನೆ ಕೂಡುತ್ತಿರುವಾಗ ಆಟಗಾರನ ಕೈ ತಡೆಯುವುದು ಸಹಜವೇ ಅಲ್ಲವೆ? ಸ್ಪಿಟ್‌ಫೈರ್ ತಯಾರಕರ ತರ್ಕವನ್ನು ಆಟ ಚೆನ್ನಾಗಿಯೇ ಹಿಡಿದಿದೆ.

ಆದರೆ ಆಟದಲ್ಲಿ ದಕ್ಷತೆಯೆಂಬುದು ಬರಿಯ ಅಂಕಿ. ವಿಲೋ ರನ್ನಿನಲ್ಲಿ ಅದು ಮನುಷ್ಯರ ಕೈಯ ಹದವಾಗಿತ್ತು. ಎಂದೂ ಕಾರ್ಖಾನೆಯ ಮೆಟ್ಟಿಲು ಹತ್ತದ ಹೆಂಗಸರು ಬಂದು ರಿವೆಟ್ ಬಡಿಯುವುದನ್ನು ಕಲಿತರು. ದೂರದೂರದಿಂದ ಬಂದವರಿಗೆ ತಲೆಯ ಮೇಲೊಂದು ಸೂರು ದೊರೆಯುವುದೂ ಕಷ್ಟವಾಗಿತ್ತು. ಇವು ಯಾವುವೂ ಗುಂಡಿಯೊತ್ತುವ ಆಟಗಾರನ ಕಣ್ಣಿಗೆ ಬೀಳುವುದಿಲ್ಲ.

ಕೈಯ ಹದ ಎಷ್ಟು ದೂರ ನಡೆಸೀತೆಂಬುದಕ್ಕೆ ಬೆಂಗಳೂರೇ ಸಾಕ್ಷಿ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದಿಂದ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಹೊಸ ವಿಮಾನ ಕಟ್ಟುವ ಉದ್ದೇಶದಿಂದ ಹುಟ್ಟಿದ್ದು. ಆದರೆ ಯುದ್ಧದ ಒತ್ತಡದಲ್ಲಿ ಆ ಗುರಿ ಹಿಂದೆ ಸರಿಯಿತು. 1943ರಿಂದ ಅಮೆರಿಕದ ಸೇನೆಯ ಮೇಲ್ವಿಚಾರಣೆಯಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳನ್ನು ಬಿಚ್ಚಿ ದುರಸ್ತಿ ಮಾಡುವುದೇ ಅದರ ಮುಖ್ಯ ಕೆಲಸವಾಯಿತು. ಕಟ್ಟುವ ಅವಕಾಶ ತಪ್ಪಿದರೂ ಕಲಿಯುವ ಅವಕಾಶ ತಪ್ಪಲಿಲ್ಲ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಇಲ್ಲಿಯೇ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಬೆಂಗಳೂರಿನ ಆಕಾಶದಲ್ಲಿ ಹಾರಿತು. ಉಕ್ಕಿನ ಅಚ್ಚನ್ನು ಕರಗಿಸಿ ಹೊಸದನ್ನು ಎರೆಯಬಹುದು. ಪಳಗಿದ ಕೈಯನ್ನು ಒಂದೇ ದಿನದಲ್ಲಿ ಎರೆಯಲು ಬಾರದು. ಅಂಥ ಕೈಗಳನ್ನು ಉಳಿಸಿಕೊಂಡ ನಾಡಿಗೆ ಕಾಲ ಬದಲಾದಾಗ ದಾರಿ ತೋರದೆ ಇರಲಾರದು.